ಇಬ್ಬರು ತಾಯಂದಿರು, ಒಬ್ಬಳೇ ನಟಿ

ಒಂದು ಪದಕ್ಕೆ ಊರಿಗೆ ಊರೇ ರೊಚ್ಚಿಗೇಳೋದು ನಮಗೇನೂ ಹೊಸದಲ್ಲ ಬಿಡಿ. ಬೆಳಗ್ಗೆ ಯಾರೋ ಏನೋ ಅಂದಿರ್ತಾರೆ. ರಾತ್ರಿ ಒಂಬತ್ತಕ್ಕೆ ನಾನು ನಾಲ್ಕು ಜನರನ್ನ ಸ್ಟುಡಿಯೋದಲ್ಲಿ ಕೂರಿಸಿಕೊಂಡು ಅದೇ ಪದದ ಮೇಲೆ ಒಂದು ಗಂಟೆ ಚರ್ಚೆ ಮಾಡಿರ್ತೀನಿ. ನೀವೂ ನೋಡಿರ್ತೀರಿ. ಇದೆಲ್ಲ ಟಿವಿ ಬಂದಮೇಲೆ ಶುರುವಾದ ಕಾಯಿಲೆ ಅಂತ ಬೈದೂ ಇರ್ತೀರಿ. ಆದರೆ ಟಿವಿ ಇಲ್ಲದ, ರೇಡಿಯೋ ಕೂಡ ಇಲ್ಲದ ಕಾಲದ ಒಂದು ಕಥೆ ಹೇಳ್ತೀನಿ ಕೇಳಿ.

1907ರ ಜನವರಿ 26, ಶನಿವಾರ. ಐರ್ಲೆಂಡಿನ ಡಬ್ಲಿನ್ ನಗರ. ಆ್ಯಬಿ ಥಿಯೇಟರ್ ಅನ್ನೋ ಪುಟ್ಟ ರಂಗಮಂದಿರದಲ್ಲಿ ಹೊಸ ನಾಟಕ. ಬರೆದವನು ಜಾನ್ ಮಿಲಿಂಗ್ಟನ್ ಸಿಂಗ್. ನಾಟಕದ ಹೆಸರು 'ದಿ ಪ್ಲೇಬಾಯ್ ಆಫ್ ದಿ ವೆಸ್ಟರ್ನ್ ವರ್ಲ್ಡ್'. ಅಪ್ಪನನ್ನ ಕೊಂದು ಬಂದಿದ್ದೀನಿ ಅಂತ ಹೇಳಿಕೊಂಡು ಒಬ್ಬ ಹುಡುಗ ಹಳ್ಳಿಯ ಹೆಂಡದಂಗಡಿಗೆ ಬರ್ತಾನೆ. ಹಳ್ಳಿಯವರು ಅವನನ್ನ ಪೊಲೀಸರಿಗೆ ಹಿಡಿದುಕೊಡೋದು ಬಿಟ್ಟು ವೀರನನ್ನಾಗಿ ಮಾಡಿಬಿಡ್ತಾರೆ. ಕೊನೆಗೆ ನೋಡಿದರೆ ಅಪ್ಪ ಬದುಕಿಯೇ ಇದ್ದಾನೆ! ಎರಡು ಅಂಕ ಜನ ಸುಮ್ಮನೆ ಕೂತು ನೋಡಿದರು. ಮೂರನೇ ಅಂಕದಲ್ಲಿ ನಾಯಕನ ಬಾಯಲ್ಲಿ ಹೆಂಗಸರ ಒಳಅಂಗಿಯ ಹೆಸರು ಬಂತು ನೋಡಿ, ಸಭೆ ಎದ್ದು ನಿಂತಿತು. ಕೂಗು, ಸಿಳ್ಳೆ, ಕಾಲಿನಿಂದ ನೆಲ ಕುಟ್ಟೋದು. ಐರ್ಲೆಂಡಿನ ಹೆಣ್ಣುಮಕ್ಕಳಿಗೆ ಅವಮಾನ, ದೇಶಕ್ಕೆ ಅವಮಾನ ಅಂತ ಗದ್ದಲ. ಸೋಮವಾರ ಇನ್ನೂ ಜೋರಾಯಿತು. ಥಿಯೇಟರಿನೊಳಗೆ ಪೊಲೀಸರು ಬಂದರು. ವಾರಪೂರ್ತಿ ಆ ಗಲಾಟೆಯ ನಡುವೆಯೇ ನಾಟಕ ನಡೆಯಿತು.

ಈ ಗಲಾಟೆ ಇತಿಹಾಸದ ಪುಸ್ತಕಗಳಲ್ಲಿದೆ. ಸಿಂಗ್ ಇದ್ದಾನೆ. ಅವನ ಪರವಾಗಿ ನಿಂತ ಮಹಾಕವಿ ಯೇಟ್ಸ್ ಇದ್ದಾನೆ. ಆದರೆ ಆ ಕೂಗಾಟದ ಎದುರು ವೇದಿಕೆಯ ಮೇಲೆ ನಿಂತು, ಒಂದು ಮಾತೂ ಯಾರಿಗೂ ಕೇಳಿಸದೇ ಇದ್ದರೂ ತನ್ನ ಪಾತ್ರ ಮುಗಿಸಿ ಹೋದವರು ಯಾರು? ಅವರಲ್ಲಿ ಇಬ್ಬರು ಅಕ್ಕತಂಗಿಯರಿದ್ದರು. ನಾಯಕಿ ಪೆಗೀನ್ ಪಾತ್ರದಲ್ಲಿ ತಂಗಿ ಮಾಲಿ. ವಿಧವೆ ಕ್ವಿನ್ ಪಾತ್ರದಲ್ಲಿ ಅಕ್ಕ ಸಾರಾ. ಪೂರ್ತಿ ಹೆಸರು ಸಾರಾ ಆಲ್‌ಗುಡ್. ಇವತ್ತಿನ ಕಥೆ ಆಕೆಯದು.

ಒಬ್ಬ ನಟಿಯ ಕಥೆ ನ್ಯೂಸ್ ಆ್ಯಂಕರ್ ಯಾಕೆ ಹೇಳ್ತಿದ್ದಾನೆ ಅಂತ ನೀವು ಕೇಳಬಹುದು. ಹೇಳ್ತೀನಿ. ಸ್ವಲ್ಪ ತಾಳಿ.

ಸಾರಾ ಹುಟ್ಟಿದ್ದು 1880ರ ಆಸುಪಾಸು, ಡಬ್ಲಿನ್‌ನಲ್ಲಿ. ಅಪ್ಪ ಪ್ರಾಟೆಸ್ಟೆಂಟ್, ಅಮ್ಮ ಕ್ಯಾಥೊಲಿಕ್. ಇದು ಸಣ್ಣ ಮಾತಲ್ಲ ಸ್ವಾಮಿ. ಅಂದಿನ ಐರ್ಲೆಂಡಿನಲ್ಲಿ ಈ ಎರಡು ಪದಗಳ ನಡುವೆ ಶತಮಾನಗಳ ರಕ್ತ ಇತ್ತು. ಪ್ರಾಟೆಸ್ಟೆಂಟ್ ಅಂದರೆ ಬ್ರಿಟಿಷ್ ರಾಜನ ಕಡೆಯವನು, ಕ್ಯಾಥೊಲಿಕ್ ಅಂದರೆ ಈ ಮಣ್ಣಿನವನು ಅಂತ ಜನ ಸಲೀಸಾಗಿ ಗೆರೆ ಎಳೆದುಬಿಡೋರು. ಆ ಗೆರೆ ಸಾರಾಳ ಮನೆಯ ನಡುವೆಯೇ ಹಾದುಹೋಗಿತ್ತು. ಅಪ್ಪ ಬೇಗ ತೀರಿಕೊಂಡ. ಹುಡುಗಿ ಶಾಲೆ ಬಿಟ್ಟು ಕುರ್ಚಿ, ಸೋಫಾಗಳಿಗೆ ಬಟ್ಟೆ ಹೊದಿಸುವ ಕೆಲಸ ಕಲಿಯೋದಕ್ಕೆ ಹೋದಳು. ಸೂಜಿ, ದಾರ, ಮೊಳೆ, ಸುತ್ತಿಗೆ. ಅಲ್ಲಿಗೆ ಆಕೆಯ ಕಥೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಯಾಕಂದ್ರೆ ಆಗ ಡಬ್ಲಿನ್‌ನಲ್ಲಿ ಮಾಡ್ ಗಾನ್ ಅನ್ನೋ ಕ್ರಾಂತಿಕಾರಿ ಮಹಿಳೆ 'ಐರ್ಲೆಂಡಿನ ಪುತ್ರಿಯರು' ಅನ್ನೋ ಸಂಘ ಕಟ್ಟಿದ್ದಳು. ಬಡ ಮಕ್ಕಳಿಗೆ ಐರಿಷ್ ಭಾಷೆ, ಇತಿಹಾಸ, ಹಾಡು ಹೇಳಿಕೊಡೋದು, ಜೊತೆಗೆ ನಾಟಕ. ಅದಕ್ಕೆ ಪಾಠ ಹೇಳೋದಕ್ಕೆ ಬರ್ತಿದ್ದವರು ವಿಲಿಯಂ ಮತ್ತು ಫ್ರಾಂಕ್ ಫೇ ಅನ್ನೋ ಅಣ್ಣತಮ್ಮಂದಿರು. ಒಬ್ಬ ಎಲೆಕ್ಟ್ರಿಷಿಯನ್, ಇನ್ನೊಬ್ಬ ಗುಮಾಸ್ತ. ಹಗಲು ಹೊಟ್ಟೆಪಾಡು, ರಾತ್ರಿ ನಾಟಕ. ಅವರ ಹತ್ತಿರ ಕಲಿತವರೂ ಹಾಗೆಯೇ. ಅಂಗಡಿಯಲ್ಲಿ, ಆಫೀಸಿನಲ್ಲಿ ದುಡಿದು, ಸಂಜೆ ರಿಹರ್ಸಲ್‌ಗೆ ಓಡೋರು. ಸಂಬಳ ಇಲ್ಲ. ಸಾರಾ ಆ ಗುಂಪಿಗೆ ಸೇರಿದಳು. ಫ್ರಾಂಕ್ ಫೇ ಆಕೆಯ ಧ್ವನಿಯನ್ನ ತಿದ್ದಿದ. ಕೊನೆಯ ಬೆಂಚಿನವನಿಗೂ ಕೇಳಬೇಕು, ಆದರೆ ಕೂಗಬಾರದು. ಇದು ಅವನ ಪಾಠ. ಟಿವಿಯಲ್ಲಿ ಕೂತು ಸಂಬಳ ತಗೊಳ್ಳೋ ನಮ್ಮಂಥವರಿಗೂ ಯಾರಾದರೂ ಈ ಪಾಠ ಮಾಡಬೇಕಿತ್ತು.

ಈ ಫೇ ಸಹೋದರರನ್ನ ಡಬ್ಲಿನ್‌ನ ಸಾಹಿತಿಗಳಿಗೆ ಪರಿಚಯ ಮಾಡಿಸಿ, ಆ ರಂಗಚಳವಳಿಗೆ ಕಿಡಿ ಹೊತ್ತಿಸಿದವರಲ್ಲಿ ಜೇಮ್ಸ್ ಕಸಿನ್ಸ್ ಅನ್ನೋ ಯುವಕವಿ ಒಬ್ಬರು. ಈ ಹೆಸರು ಸ್ವಲ್ಪ ನೆನಪಿಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತೆ.

1904ರ ಡಿಸೆಂಬರ್ 27. ಆ್ಯಬಿ ಥಿಯೇಟರ್ ಬಾಗಿಲು ತೆರೆಯಿತು. ದುಡ್ಡು ಕೊಟ್ಟವಳು ಆನಿ ಹಾರ್ನಿಮನ್, ಇಂಗ್ಲೆಂಡಿನ ಟೀ ವ್ಯಾಪಾರದ ಮನೆತನದವಳು. ಹಳೆಯ ಸಭಾಂಗಣವನ್ನೂ, ಪಕ್ಕದಲ್ಲಿ ಹಿಂದೊಮ್ಮೆ ಶವಾಗಾರವಾಗಿದ್ದ ಕಟ್ಟಡವನ್ನೂ ಸೇರಿಸಿ ರಂಗಮಂದಿರ ಮಾಡಿದ್ದರು. ಸುಮಾರು 560 ಸೀಟು, ಅಷ್ಟೇ. ಇನ್ನೊಂದು ವಿಷಯ ನೋಡಿ. ಇಂಗ್ಲಿಷ್ ಅಕ್ಷರಗಳನ್ನ ನಮ್ಮ ಹಾಗೆ ಓದಿದರೆ ಅದು 'ಅಬ್ಬೆ'. ಅಬ್ಬೆ ಅಂದರೆ ನಮ್ಮ ಹಳಗನ್ನಡದಲ್ಲಿ ತಾಯಿ. ಹವ್ಯಕರ ಮನೆಗಳಲ್ಲಿ ಇವತ್ತಿಗೂ ತಾಯಿಯೇ. ಬರೀ ಕಾಕತಾಳೀಯ, ಒಪ್ತೀನಿ. ಆದರೆ ಆ ರಂಗಮಂದಿರದಲ್ಲಿ ಸಾರಾ ಮಾಡಿದ್ದೆಲ್ಲ ತಾಯಿಯ ಕೆಲಸವೇ ಅಂತ ಗೊತ್ತಿದ್ದವನಿಗೆ ಈ ಪದ ಕಿವಿಗೆ ಬೀಳದೇ ಇರೋದಿಲ್ಲ.

ಮೊದಲ ರಾತ್ರಿ ಸಾರಾಗೆ ಸಿಕ್ಕಿದ್ದು ಲೇಡಿ ಗ್ರೆಗರಿ ಬರೆದ ನಗೆನಾಟಕದ ಪಾತ್ರ. ಆದರೆ ಆಕೆ ಮುಂದೆ ಹೆಸರಾಗಿದ್ದು ಎರಡು ಬೇರೆ ಪಾತ್ರಗಳಿಂದ. ಈ ಲೇಖನದ ಜೀವ ಇರೋದು ಅಲ್ಲೇ.

ಮೊದಲನೆಯದು ಕ್ಯಾಥ್ಲೀನ್ ನಿ ಹೂಲಿಹನ್. ಯೇಟ್ಸ್ ಮತ್ತು ಲೇಡಿ ಗ್ರೆಗರಿ ಸೇರಿ ಬರೆದ ನಾಟಕ. ಹಳ್ಳಿಯ ಮನೆಯೊಂದರಲ್ಲಿ ಮಗನ ಮದುವೆಯ ಸಂಭ್ರಮ. ಆಗ ಒಬ್ಬಳು ಮುದುಕಿ ಬರ್ತಾಳೆ. ಪರಕೀಯರು ನನ್ನ ಮನೆ, ನನ್ನ ಹೊಲ ಕಿತ್ತುಕೊಂಡಿದ್ದಾರೆ, ನನಗಾಗಿ ಯಾರು ಬರ್ತೀರಿ ಅಂತ ಕೇಳ್ತಾಳೆ. ಆ ಮುದುಕಿ ಬೇರೆ ಯಾರೂ ಅಲ್ಲ, ಐರ್ಲೆಂಡ್! ತಾಯಿನಾಡು. ಮದುಮಗ ಎಲ್ಲ ಬಿಟ್ಟು ಅವಳ ಹಿಂದೆ ಹೊರಟುಬಿಡ್ತಾನೆ, ಸಾಯೋದಕ್ಕೆ. ಅವನು ಹೊರಟ ಕ್ಷಣ ಮುದುಕಿ ಹೋಗಿ ರಾಣಿಯ ನಡಿಗೆಯ ತರುಣಿಯಾಗ್ತಾಳೆ. ಜನ ಉಸಿರು ಬಿಗಿಹಿಡಿದು ನೋಡ್ತಿದ್ದರು. ಈ ಪಾತ್ರವನ್ನ ಮೊದಲು ಮಾಡಿದವಳು ಸ್ವತಃ ಮಾಡ್ ಗಾನ್. ಆಮೇಲೆ ಅದನ್ನ ಆ್ಯಬಿಯಲ್ಲಿ ಹೊತ್ತು ನಡೆದವಳು ಸಾರಾ.

ಎರಡನೆಯದು ಮೌರ್ಯಾ. ಸಿಂಗ್ ಬರೆದ 'ರೈಡರ್ಸ್ ಟು ದಿ ಸೀ' ನಾಟಕದ ತಾಯಿ. ಐರ್ಲೆಂಡಿನ ಪಶ್ಚಿಮದ ಒಂದು ದ್ವೀಪ. ಗಂಡನನ್ನ ಸಮುದ್ರ ನುಂಗಿದೆ, ಗಂಡನ ಅಪ್ಪನನ್ನ ನುಂಗಿದೆ, ಒಬ್ಬೊಬ್ಬರಾಗಿ ಗಂಡುಮಕ್ಕಳನ್ನ ನುಂಗಿದೆ. ಕೊನೆಯವನು ಉಳಿದಿದ್ದ. ಅವನ ಮೈಯನ್ನೂ ಹಾಯಿಬಟ್ಟೆಯಲ್ಲಿ ಸುತ್ತಿ ಒಳಗೆ ತರ್ತಾರೆ. ಆರು ಗಂಡುಮಕ್ಕಳು ಹೋದರು. ಶವಪೆಟ್ಟಿಗೆಗೆ ಹಲಗೆ ತಂದಿದ್ದಾಳೆ, ಮೊಳೆ ತರೋದನ್ನ ಮರೆತಿದ್ದಾಳೆ. ಇನ್ನು ಸಮುದ್ರ ನನ್ನಿಂದ ಕಿತ್ತುಕೊಳ್ಳೋದು ಏನೂ ಉಳಿದಿಲ್ಲ ಅನ್ನೋ ಅರ್ಥದ ಮಾತು ಅವಳಿಂದ ಬರುತ್ತೆ. ಅರ್ಧ ಗಂಟೆಯ ಪುಟ್ಟ ನಾಟಕ. 1904ರಲ್ಲಿ ಅದು ಮೊದಲು ರಂಗಕ್ಕೆ ಬಂದಾಗ ಸಾರಾ ಮಾಡಿದ್ದು ಮಗಳ ಪಾತ್ರ. ಮುಂದೆ ತಾಯಿಯಾದಳು. ಆಗ ಆಕೆಗೆ ಮೂವತ್ತೂ ತುಂಬಿರಲಿಲ್ಲ ಅಥವಾ ಈಗತಾನೇ ತುಂಬಿತ್ತು. ಎಪ್ಪತ್ತರ ಮುದುಕಿಯ ಧ್ವನಿ ಆ ಎದೆಯಿಂದ ಬರ್ತಿತ್ತು.

ಗಮನಿಸಿದಿರಾ? ಒಬ್ಬಳು ಮಗನನ್ನ ಕೇಳೋ ತಾಯಿ. ಇನ್ನೊಬ್ಬಳು ಮಗನನ್ನ ಕಳೆದುಕೊಂಡ ತಾಯಿ. ಒಬ್ಬಳು ಘೋಷಣೆಯಲ್ಲಿ ಬರ್ತಾಳೆ, ಬಾವುಟದ ಮೇಲೆ ಬರ್ತಾಳೆ. ಇನ್ನೊಬ್ಬಳು ಮನೆಯ ಮೂಲೆಯಲ್ಲಿ ಕೂತಿರ್ತಾಳೆ. ಈ ಇಬ್ಬರೂ ಒಬ್ಬಳೇ ಹೆಣ್ಣಿನ ಗಂಟಲಿನಿಂದ ಮಾತಾಡಿದರು. ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಯಾವ ದೇಶಕ್ಕಾದರೂ ಈ ಇಬ್ಬರೂ ತಾಯಂದಿರು ಗೊತ್ತು. ಆದರೆ ಮೊದಲನೆಯವಳ ಮಾತು ಕೇಳಿಸಿಕೊಂಡಷ್ಟು ಸುಲಭವಾಗಿ ಎರಡನೆಯವಳ ಮಾತನ್ನ ಯಾವ ದೇಶವೂ ಕೇಳಿಸಿಕೊಂಡಿಲ್ಲ.

ಈಗ ಮತ್ತೆ 1907ರ ಗಲಾಟೆಗೆ ಬನ್ನಿ. ಆರು ಗಂಡುಮಕ್ಕಳು ಸತ್ತ ತಾಯಿಯನ್ನ ಕಂಡಾಗ ಪೊಲೀಸರನ್ನ ಕರೆಸುವಂಥ ಗದ್ದಲ ಆಗಿರಲಿಲ್ಲ. ಒಳಅಂಗಿಯ ಹೆಸರು ಕೇಳಿದಾಗ ಆಯಿತು! 1911-12ರಲ್ಲಿ ತಂಡ ಅಮೆರಿಕಕ್ಕೆ ಹೋಯಿತು. ಮುಖ್ಯ ನಟಿಯಾಗಿ ಸಾರಾ ಹೋದಳು. ಅಲ್ಲಿ ನೆಲೆಸಿದ್ದ ಐರಿಷರಿಂದ ಅದೇ ನಾಟಕಕ್ಕೆ ಅದೇ ಕೋಪ. ಫಿಲಡೆಲ್ಫಿಯಾದಲ್ಲಿ ಅಶ್ಲೀಲ ನಾಟಕ ಆಡಿದರು ಅಂತ ಕಲಾವಿದರನ್ನ ಬಂಧಿಸಿ ಕೋರ್ಟಿಗೆ ಎಳೆದರು. ಕೇಸು ನಿಲ್ಲಲಿಲ್ಲ, ಬಿಡಿ. ಆದರೆ ಪರದೇಶದಲ್ಲಿ ನೆಲೆಸಿದವರಿಗೆ ತಾಯ್ನಾಡಿನ ಮರ್ಯಾದೆಯ ಬಗ್ಗೆ ಒಂದು ಹಿಡಿ ಹೆಚ್ಚೇ ಸಿಟ್ಟು ಬರುತ್ತೆ ಅನ್ನೋದು ಆಗಲೂ ನಿಜ.

ಅಷ್ಟರಲ್ಲಿ ಮನೆಯಲ್ಲಿ ಒಂದು ಸಾವಾಗಿತ್ತು. ತಂಗಿ ಮಾಲಿಗೂ ನಾಟಕಕಾರ ಸಿಂಗ್‌ಗೂ ಮದುವೆ ನಿಶ್ಚಯವಾಗಿತ್ತು. ಅವನು ಜಮೀನ್ದಾರಿ ಹಿನ್ನೆಲೆಯ ಪ್ರಾಟೆಸ್ಟೆಂಟ್, ಅವಳು ಬಡ ಮನೆಯ ಕ್ಯಾಥೊಲಿಕ್ ಹುಡುಗಿ. ಎರಡೂ ಕಡೆ ಮುಖ ಸಿಂಡರಿಸಿದವರಿದ್ದರು. ಮದುವೆ ಆಗಲೇ ಇಲ್ಲ. 1909ರ ಮಾರ್ಚ್ 24ರಂದು ಸಿಂಗ್ ಕ್ಯಾನ್ಸರಿನಿಂದ ಸತ್ತ. ಆಗ ಅವನಿಗೆ ಬರೀ 37.

ಮುಂದೆ ಬಂತು 1916. ಏಪ್ರಿಲ್ 24, ಈಸ್ಟರ್ ಸೋಮವಾರ. ಡಬ್ಲಿನ್‌ನಲ್ಲಿ ಬ್ರಿಟಿಷರ ವಿರುದ್ಧ ಸಶಸ್ತ್ರ ಬಂಡಾಯ. ಬಂದೂಕು ಹಿಡಿದವರಲ್ಲಿ ಆ್ಯಬಿಯ ನಟ ಶಾನ್ ಕಾನಲಿ ಇದ್ದ. ಮೊದಲ ದಿನವೇ ಗುಂಡಿಗೆ ಬಿದ್ದ. ನಾಟಕದ ಮದುಮಗ ಮಾಡಿದ್ದನ್ನ ರಂಗದ ಮೇಲಿದ್ದವನು ಬೀದಿಯಲ್ಲಿ ಮಾಡಿಬಿಟ್ಟ. ನನ್ನ ನಾಟಕ ನೋಡಿ ಹುಡುಗರು ಸಾಯೋದಕ್ಕೆ ಹೋದರಾ ಅನ್ನೋ ಪ್ರಶ್ನೆ ಮುದಿವಯಸ್ಸಿನವರೆಗೂ ಯೇಟ್ಸ್‌ನನ್ನ ಬಿಡಲಿಲ್ಲ.

ಆ ವರ್ಷ ಸಾರಾ ಭೂಮಿಯ ಇನ್ನೊಂದು ತುದಿಯಲ್ಲಿದ್ದಳು. 'ಪೆಗ್ ಓ ಮೈ ಹಾರ್ಟ್' ಅನ್ನೋ ಜನಪ್ರಿಯ ನಾಟಕದ ನಾಯಕಿಯಾಗಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸ. ಜೊತೆಗೆ ನಟಿಸುತ್ತಿದ್ದ ಜೆರಾಲ್ಡ್ ಹೆನ್ಸನ್‌ನನ್ನ ಅಲ್ಲೇ, ಅದೇ 1916ರಲ್ಲಿ ಮದುವೆಯಾದಳು. 1918ರಲ್ಲಿ ಸಿಡ್ನಿಯಲ್ಲಿ ತಯಾರಾದ ಒಂದು ಮೂಕಿ ಚಿತ್ರದಲ್ಲೂ ಕಾಣಿಸಿಕೊಂಡಳು. ಮನೆ, ಗಂಡ, ಕೆಲಸ. ಬದುಕು ನೆಟ್ಟಗೆ ನಿಂತಿತ್ತು.

1918ರ ಜನವರಿಯಲ್ಲಿ ಹೆಣ್ಣುಮಗು ಹುಟ್ಟಿತು. ಉಳಿಯಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ, ಜಗತ್ತನ್ನೇ ಗುಡಿಸಿಹಾಕಿದ ಆ ಇನ್‌ಫ್ಲುಯೆಂಜಾ ಜ್ವರ ಗಂಡನನ್ನ ಕೊಂಡೊಯ್ದಿತು. ಕೋವಿಡ್ ಕಾಲದಲ್ಲಿ ನಾವೆಲ್ಲ 'ಸ್ಪ್ಯಾನಿಷ್ ಫ್ಲೂ' ಅಂತ ಪದೇಪದೇ ಹೇಳ್ತಿದ್ದೆವಲ್ಲ, ಅದೇ. ಹತ್ತು ತಿಂಗಳ ಅಂತರದಲ್ಲಿ ಮಗು ಇಲ್ಲ, ಗಂಡ ಇಲ್ಲ. ಊರಿಂದ ಸಾವಿರಾರು ಮೈಲಿ ದೂರ. ರಂಗದ ಮೇಲೆ ಎಷ್ಟೋ ಸಲ ಮೌರ್ಯಾ ಆಗಿದ್ದವಳಿಗೆ, ಕಿತ್ತುಕೊಳ್ಳೋದಕ್ಕೆ ಇನ್ನೇನೂ ಉಳಿಯದ ದಿನ ನಿಜವಾಗಿ ಬಂದಿತ್ತು.

ಆಕೆ ಊರಿಗೆ ಮರಳಿದಾಗ ಊರು ಯುದ್ಧದಲ್ಲಿತ್ತು. ಮೊದಲು ಬ್ರಿಟಿಷರ ವಿರುದ್ಧ. 1921ರ ಡಿಸೆಂಬರ್‌ನಲ್ಲಿ ಒಪ್ಪಂದವಾಯಿತು. ದೇಶ ಎರಡು ಹೋಳಾಯಿತು. ಒಪ್ಪಂದ ಒಪ್ಪಿದವರು ಒಂದು ಕಡೆ, ಒಪ್ಪದವರು ಇನ್ನೊಂದು ಕಡೆ. 1922ರ ಜೂನ್‌ನಿಂದ 1923ರ ಮೇವರೆಗೆ ಅಂತರ್ಯುದ್ಧ. ನಿನ್ನೆಯವರೆಗೆ ಒಂದೇ ಕಂದಕದಲ್ಲಿದ್ದವರು ಒಬ್ಬರನ್ನೊಬ್ಬರು ಕೊಂದರು. ಕೊಂದವನೂ ದೇಶಭಕ್ತ, ಸತ್ತವನೂ ದೇಶಭಕ್ತ.

ಯುದ್ಧ ನಿಂತು ಒಂದು ವರ್ಷವೂ ಆಗಿರಲಿಲ್ಲ. 1924ರ ಮಾರ್ಚ್ 3. ಆ್ಯಬಿಯಲ್ಲಿ 'ಜುನೋ ಅಂಡ್ ದಿ ಪೇಕಾಕ್'. ಬರೆದವನು ಶಾನ್ ಓಕೇಸಿ. ಡಬ್ಲಿನ್‌ನ ವಠಾರಗಳ ನಡುವೆ ಬದುಕಿದ್ದ ಕೂಲಿಕಾರ. ಅಂತರ್ಯುದ್ಧದ ಕಾಲದ ಒಂದು ವಠಾರದ ಮನೆ. ಕೆಲಸ ಅಂದರೆ ಕಾಲುನೋವು ಬರೋ ಕುಡುಕ ಗಂಡ. ಹೋರಾಟದಲ್ಲಿ ಕೈ ಕಳೆದುಕೊಂಡ, ಆಮೇಲೆ ಜೊತೆಗಾರನ ಸುಳಿವು ಕೊಟ್ಟ ಮಗ ಜಾನಿ. ಮೋಸಹೋಗಿ ಬಸುರಾದ ಮಗಳು. ಇವರನ್ನೆಲ್ಲ ಹೊತ್ತ ತಾಯಿ ಜುನೋ. ಆಕೆಯೇ ಸಾರಾ.

ಇದರಲ್ಲಿ ಒಂದು ಸನ್ನಿವೇಶ ಇದೆ. ಬರಲಿರುವ ಆಸ್ತಿಯ ಖುಷಿಯಲ್ಲಿ ಜುನೋ ಮನೆಯಲ್ಲಿ ಹಾಡು, ಕುಡಿತ. ಮೆಟ್ಟಿಲ ಮೇಲೆ ಮಹಡಿಯ ಹೆಂಗಸು, ಕೊಲೆಯಾದ ಮಗನ ಶವ ತರೋದಕ್ಕೆ ಹೊರಟಿದ್ದಾಳೆ. ದೇವರೇ, ಕಲ್ಲಾದ ಎದೆಗಳನ್ನ ಕಿತ್ತು ಮನುಷ್ಯರ ಎದೆ ಕೊಡು ಅಂತ ಅವಳ ಮೊರೆ. ಜುನೋ ನಾಲ್ಕು ಸಮಾಧಾನದ ಮಾತಾಡ್ತಾಳೆ. ಆಮೇಲೆ ಪಾರ್ಟಿ ಮುಂದುವರಿಯುತ್ತೆ. ಕೊನೆಯ ಅಂಕದಲ್ಲಿ ಜುನೋಳ ಮಗನನ್ನೂ ಎಳೆದೊಯ್ದು ಕೊಲ್ತಾರೆ. ಆಗ ಅವಳಿಗೆ ಆ ಹೆಂಗಸು ನೆನಪಾಗ್ತಾಳೆ. ಅವತ್ತು ನಾನು ಅವಳ ಸಂಕಟವನ್ನ ಸಾಕಷ್ಟು ಹಂಚಿಕೊಳ್ಳಲಿಲ್ಲವಲ್ಲ, ಸತ್ತವನು ಆ ಪಕ್ಷದವನೋ ಈ ಪಕ್ಷದವನೋ ಅಂತ ನೋಡಿದೆನಲ್ಲ, ಅವನೂ ಒಬ್ಬಳ ಮಗನೇ ಆಗಿದ್ದನಲ್ಲ ಅಂತ ನರಳ್ತಾಳೆ. ಅದೇ ಹೆಂಗಸಿನ ಅದೇ ಮೊರೆಯನ್ನ ಈಗ ಜುನೋ ಇಡ್ತಾಳೆ. ಸಭಾಂಗಣದಲ್ಲಿ ಕೂತಿದ್ದವರಲ್ಲಿ ಎರಡೂ ಪಕ್ಷದವರಿದ್ದರು. ಎರಡೂ ಕಡೆ ಮಕ್ಕಳು ಸತ್ತಿದ್ದರು. ನಾಟಕ ನೋಡೋದಕ್ಕೆ ಜನ ಕಿಕ್ಕಿರಿದರು. ಸಾಲದಲ್ಲಿ ಮುಳುಗುತ್ತಿದ್ದ ಆ್ಯಬಿಗೆ ಉಸಿರು ಬಂತು. ಮರುವರ್ಷ ಸರ್ಕಾರವೇ 850 ಪೌಂಡ್ ಅನುದಾನ ಕೊಟ್ಟಿತು.

ಇಲ್ಲಿ ನನ್ನ ಒಂದು ಮಾತು ಹೇಳಲೇಬೇಕು. ಹೊಸದಾಗಿ ವರದಿಗಾರನಾಗಿದ್ದ ದಿನಗಳು. ಗಡಿಯಲ್ಲಿ ಸತ್ತ ಸೈನಿಕನೊಬ್ಬನ ಮನೆ, ಉತ್ತರ ಕರ್ನಾಟಕದ ಒಂದು ಹಳ್ಳಿ. ಶವ ಇನ್ನೂ ಬಂದಿರಲಿಲ್ಲ. ನಾವು ಬಂದಿದ್ದೆವು. ಲೈವ್ ಇತ್ತು. ತಾಯಿಯ ಮುಂದೆ ಮೈಕ್ ಹಿಡಿದು ಕೇಳಿದೆ, "ಅಮ್ಮಾ, ಮಗ ದೇಶಕ್ಕಾಗಿ ಪ್ರಾಣ ಕೊಟ್ಟಿದ್ದಾನೆ, ಏನನಿಸ್ತಿದೆ?" ಆಕೆ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು, "ಉಂಡೀಯೇನೋ ತಮ್ಮಾ?" ಅಷ್ಟೇ. ಸ್ಟುಡಿಯೋದವರು ಆ ಮಾತನ್ನ ಕತ್ತರಿಸಿ ಚರ್ಚೆಗೆ ಹೋದರು. ಚರ್ಚೆಯಲ್ಲಿ ಎಲ್ಲರೂ ತಾಯಿ ಭಾರತಿಯ ಹೆಸರಿನಲ್ಲಿ ಜೋರಾಗಿ ಮಾತಾಡಿದರು. ನಾನು ಆ ಮನೆಯ ಅಂಗಳದಲ್ಲಿ ಮೈಕ್ ಹಿಡಿದು ನಿಂತೇ ಇದ್ದೆ. ಸಾರಾಳ ಕಥೆ ಓದಿದ ದಿನ ನನಗೆ ಮೊದಲು ನೆನಪಾಗಿದ್ದು ಆ ಅಂಗಳ.

ಇರಲಿ. ಇದೇ 1924ರಲ್ಲಿ ಇನ್ನೊಂದು ಘಟನೆ ನಡೆಯಿತು, ಡಬ್ಲಿನ್‌ನಲ್ಲಿ ಅಲ್ಲ, ಮೈಸೂರಿನಲ್ಲಿ. ಜೇಮ್ಸ್ ಕಸಿನ್ಸ್ ಹೆಸರು ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ. ಅವರು 1915ರಲ್ಲಿ ಆನಿ ಬೆಸೆಂಟ್ ಕರೆಗೆ ಓಗೊಟ್ಟು ಭಾರತಕ್ಕೆ ಬಂದಿದ್ದರು. ಮೈಸೂರಿಗೆ ಬಂದಾಗ ಒಬ್ಬ ವಿದ್ಯಾರ್ಥಿ ತಾನು ಬರೆದ ಇಂಗ್ಲಿಷ್ ಕವಿತೆಗಳನ್ನ ಹಿಡಿದುಕೊಂಡು ಅವರನ್ನ ಕಾಣೋದಕ್ಕೆ ಹೋದ. ಕಸಿನ್ಸ್ ಓದಿದರು. ಕನ್ನಡದಲ್ಲಿ ಏನಾದರೂ ಬರೆದಿದ್ದೀಯಾ ಅಂತ ಕೇಳಿದರು. ನಿನ್ನ ತಾಯಿಭಾಷೆಯಲ್ಲಿ ಬರಿ ಅನ್ನೋ ಅರ್ಥದ ಬುದ್ಧಿಮಾತು ಹೇಳಿದರು. ಆ ಹುಡುಗ ಕುಪ್ಪಳಿಯ ಪುಟ್ಟಪ್ಪ. ನಮ್ಮ ಕುವೆಂಪು!

ಇದು ಯಾಕೆ ಮುಖ್ಯ ಅಂದ್ರೆ, ಕಸಿನ್ಸ್ ಬಂದಿದ್ದು ತಮ್ಮ ಜನರ ಮಾತಿನಲ್ಲೇ ನಾಟಕ ಆಡಬೇಕು ಅಂತ ಹಟ ಹಿಡಿದ ಆ ಡಬ್ಲಿನ್‌ನಿಂದ. ಲಂಡನ್ನಿನ ಉಚ್ಚಾರಣೆ ಬೇಡ, ಹಳ್ಳಿಯವನ, ವಠಾರದವಳ ಮಾತು ಬೇಕು ಅಂದ ಜನ ಅವರು. ಆ ಮಾತಿಗೆ ದೇಹ ಕೊಟ್ಟವರು ಸಾರಾಳಂಥ ಕೆಲಸಗಾರ ಹುಡುಗಿಯರು. ಅಲ್ಲಿ ಹೊತ್ತಿದ ದೀಪದ ಬೆಳಕು ಒಂದಿಷ್ಟು ಮೈಸೂರಿಗೂ ಬಿತ್ತು.

'ಜುನೋ' 1925ರಲ್ಲಿ ಲಂಡನ್‌ಗೆ ಹೋಯಿತು, ಜೊತೆಗೆ ಸಾರಾ ಹೋದಳು. ಆಕೆ ಇಲ್ಲದ ಹೊತ್ತಲ್ಲಿ, 1926ರ ಫೆಬ್ರವರಿಯಲ್ಲಿ ಆ್ಯಬಿಯಲ್ಲಿ ಮತ್ತೊಂದು ಗಲಭೆ. ಈ ಸಲ ಓಕೇಸಿಯ 'ದಿ ಪ್ಲೌ ಅಂಡ್ ದಿ ಸ್ಟಾರ್ಸ್'. 1916ರ ವೀರರಿಗೆ ಅವಮಾನ ಅಂತ ಕೂಗು. ಆದರೆ ನ್ಯಾಯವಾಗಿ ಹೇಳಬೇಕು: ಈ ಸಲ ಪ್ರತಿಭಟಿಸಿದವರ ಮುಂದಾಳು ಹ್ಯಾನಾ ಶೀಹಿ ಸ್ಕೆಫಿಂಗ್ಟನ್. ಆಕೆಯ ಗಂಡ ಶಾಂತಿವಾದಿ. ಆ ಬಂಡಾಯದ ವಾರದಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬ ವಿಚಾರಣೆಯೇ ಇಲ್ಲದೆ ಅವನನ್ನ ಗುಂಡಿಕ್ಕಿ ಕೊಲ್ಲಿಸಿದ್ದ. ಅವಳ ಸಿಟ್ಟು ಟಿಕೆಟ್ ಕೊಂಡು ತಂದ ಸಿಟ್ಟಲ್ಲ. ಕಳೆದುಕೊಂಡವಳು ಇತ್ತ ರಂಗದ ಮೇಲೂ ಇದ್ದಳು, ಅತ್ತ ಸಭೆಯಲ್ಲೂ ಇದ್ದಳು. ಇಬ್ಬರ ಮಾತೂ ಒಬ್ಬರಿಗೊಬ್ಬರಿಗೆ ಕೇಳಿಸಲಿಲ್ಲ. ಗದ್ದಲ ಮಾಡೋ ದೊಡ್ಡ ಅನ್ಯಾಯ ಅದೇ.

ಅದೇ ನಾಟಕ ಲಂಡನ್‌ಗೆ ಬಂದಾಗ ಸಾರಾ ಬೆಸ್ಸಿ ಬರ್ಜೆಸ್ ಆದಳು. ಬೆಸ್ಸಿ ಪ್ರಾಟೆಸ್ಟೆಂಟ್, ರಾಜನಿಷ್ಠೆಯವಳು, ಬಾಯಿಬಡುಕಿ. ಕೊನೆಗೆ ನೆರೆಯ ಹುಡುಗಿಯನ್ನ ಕಿಟಕಿಯಿಂದ ಎಳೆದು ಉಳಿಸೋದಕ್ಕೆ ಹೋಗಿ ಬ್ರಿಟಿಷ್ ಸೈನಿಕರ ಗುಂಡಿಗೇ ಸಾಯ್ತಾಳೆ. ಪ್ರಾಟೆಸ್ಟೆಂಟ್ ಅಪ್ಪ, ಕ್ಯಾಥೊಲಿಕ್ ಅಮ್ಮನ ಮಗಳು ಈ ಪಾತ್ರವನ್ನ ಯಾರಿಂದಲೂ ಕೇಳಿ ತಿಳಿಯಬೇಕಿರಲಿಲ್ಲ.

ಆಗ ಸಿನಿಮಾಕ್ಕೆ ಬಾಯಿ ಬಂತು. 1929ರಲ್ಲಿ ಹಿಚ್‌ಕಾಕ್ 'ಬ್ಲ್ಯಾಕ್‌ಮೇಲ್' ತೆಗೆದ, ಬ್ರಿಟನ್ನಿನ ಮೊದಮೊದಲ ಟಾಕಿಗಳಲ್ಲಿ ಒಂದು. ನಾಯಕಿಯ ಉಚ್ಚಾರಣೆ ಸರಿಯಿಲ್ಲ ಅಂತ, ಕ್ಯಾಮೆರಾದ ಆಚೆ ಇನ್ನೊಬ್ಬ ನಟಿಯನ್ನ ನಿಲ್ಲಿಸಿ ಮಾತಾಡಿಸಿದರು. ನಾಯಕಿ ಬರೀ ತುಟಿ ಅಲ್ಲಾಡಿಸಿದಳು. ಆ ಚಿತ್ರದಲ್ಲಿ ನಾಯಕಿಯ ತಾಯಿ ಸಾರಾ. ಆಕೆಗೆ ಯಾರ ಧ್ವನಿಯ ಸಾಲವೂ ಬೇಕಿರಲಿಲ್ಲ. ಮರುವರ್ಷ ಹಿಚ್‌ಕಾಕ್ 'ಜುನೋ'ವನ್ನೇ ಸಿನಿಮಾ ಮಾಡಿದ, ಸಾರಾಳನ್ನೇ ಹಾಕಿಕೊಂಡ. ಚಿತ್ರ ಐರ್ಲೆಂಡಿನ ಲಿಮೆರಿಕ್ ಊರಿಗೆ ಬಂದಾಗ ಜನ ರೀಲುಗಳನ್ನ ಬೀದಿಯಲ್ಲಿ ಸುಟ್ಟರು. ಎದೆಯ ಕಲ್ಲು ಕರಗಿಸು ಅಂತ ಬೇಡುವ ತಾಯಿಯನ್ನ, ದೇಶದ ಮರ್ಯಾದೆಯ ಹೆಸರಿನಲ್ಲಿ ಸುಟ್ಟರು.

1940ರಲ್ಲಿ 'ಜುನೋ' ಹಿಡಿದುಕೊಂಡು ಸಾರಾ ಮತ್ತೆ ಅಮೆರಿಕಕ್ಕೆ ಹೋದಳು. ಅಲ್ಲೇ ಉಳಿದಳು, ಹಾಲಿವುಡ್‌ನಲ್ಲಿ. ವಯಸ್ಸು ಅರವತ್ತು. ಆಗ ಬಂತು ಜಾನ್ ಫೋರ್ಡ್‌ನ 'ಹೌ ಗ್ರೀನ್ ವಾಸ್ ಮೈ ವ್ಯಾಲಿ', 1941. ವೇಲ್ಸ್‌ನ ಕಲ್ಲಿದ್ದಲು ಗಣಿಯ ಕುಟುಂಬದ ಕಥೆ. ತಾಯಿಯ ಪಾತ್ರ ಸಾರಾಗೆ. ಮುಷ್ಕರದ ಕಾಲದಲ್ಲಿ ಗಂಡನ ಮೇಲೆ ಕಾರ್ಮಿಕರು ಮುನಿದಾಗ, ಹಿಮದ ರಾತ್ರಿಯಲ್ಲಿ ಗುಡ್ಡ ಹತ್ತಿ ಹೋಗಿ, ನನ್ನ ಗಂಡನನ್ನ ಮುಟ್ಟಿದರೆ ಸುಮ್ಮನಿರೋಲ್ಲ ಅಂತ ಗಂಡಸರ ಗುಂಪನ್ನ ಎದುರಿಸೋ ದೃಶ್ಯ ಇದೆ. ಆ ಒಂದು ದೃಶ್ಯ ನೋಡಿ ಸಾಕು, ಫ್ರಾಂಕ್ ಫೇ ಮಾಡಿದ ಪಾಠ ಏನಂತ ಗೊತ್ತಾಗುತ್ತೆ. ಚಿತ್ರಕ್ಕೆ ಐದು ಆಸ್ಕರ್. 'ಸಿಟಿಜನ್ ಕೇನ್' ಅನ್ನೋ ಚಿತ್ರವನ್ನೇ ಸೋಲಿಸಿ ಶ್ರೇಷ್ಠ ಚಿತ್ರವಾಯಿತು. ಗಂಡನ ಪಾತ್ರ ಮಾಡಿದ ಡೊನಾಲ್ಡ್ ಕ್ರಿಸ್ಪ್‌ಗೆ ಆಸ್ಕರ್ ಬಂತು. ಸಾರಾಗೆ ನಾಮನಿರ್ದೇಶನ ಬಂತು, ಪ್ರಶಸ್ತಿ ಬರಲಿಲ್ಲ.

ಆಮೇಲೆ? 'ಜೇನ್ ಐರ್', 'ದಿ ಲಾಡ್ಜರ್', 'ದಿ ಸ್ಪೈರಲ್ ಸ್ಟೇರ್‌ಕೇಸ್'. ಮನೆಯೊಡತಿ, ಆಯಾ, ನರ್ಸ್, ಅಡುಗೆಯವಳು. ಬಾಗಿಲು ತೆರೆಯೋದು, ಟೀ ತಂದಿಡೋದು. ಒಂದು ದೇಶಕ್ಕೇ ತಾಯಿಯಾಗಿದ್ದವಳಿಗೆ ಹಾಲಿವುಡ್ ಕೊಟ್ಟಿದ್ದು ಹೆಚ್ಚಾಗಿ ಏಪ್ರನ್. ಆಕೆ ಅದನ್ನೂ ಅಚ್ಚುಕಟ್ಟಾಗಿ ಕಟ್ಟಿಕೊಂಡು ದುಡಿದಳು. ತಾಯಿನಾಡಿನ ಪಾತ್ರ ಮಾಡಿದವಳು 1945ರಲ್ಲಿ ಅಮೆರಿಕದ ಪ್ರಜೆಯಾದಳು. 1950ರ ಸೆಪ್ಟೆಂಬರ್ 13ರಂದು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡಳು. ಆಕೆಯನ್ನ ಮಣ್ಣುಮಾಡಿದ್ದು ಅಲ್ಲೇ.

ಸಾರಾ ತನ್ನ ನೆನಪುಗಳನ್ನ ಬರೆದಿಟ್ಟಿದ್ದಳು. ಆಕೆ ಬದುಕಿರುವಾಗ ಅದು ಅಚ್ಚಾಗಲಿಲ್ಲ. ಯೇಟ್ಸ್ ಬರೆದದ್ದು ಸಿಗುತ್ತೆ, ಲೇಡಿ ಗ್ರೆಗರಿ ಬರೆದದ್ದು ಸಿಗುತ್ತೆ, ಓಕೇಸಿಯ ಆತ್ಮಕಥೆಯೇ ಆರು ಸಂಪುಟ ಇದೆ. ಅವರ ಮಾತುಗಳನ್ನೆಲ್ಲ ತನ್ನ ಗಂಟಲಲ್ಲಿ ಹೊತ್ತವಳ ಮಾತು ಮಾತ್ರ ಕಾಗದದ ಕಟ್ಟಾಗಿ ಉಳಿಯಿತು. ನಟರ ಹಣೆಬರಹ ಇದು. ಬರೆದವನ ಸಾಲು ಪುಸ್ತಕದಲ್ಲಿ ಉಳಿಯುತ್ತೆ. ಅದನ್ನ ಆಡಿದ ರಾತ್ರಿ ಬೆಳಗಾಗೋದರಲ್ಲಿ ಮುಗಿದಿರುತ್ತೆ.

ಆಕೆ ಸತ್ತು ಹತ್ತು ತಿಂಗಳಿಗೆ, 1951ರ ಜುಲೈನಲ್ಲಿ, ಆ್ಯಬಿ ಥಿಯೇಟರ್ ಬೆಂಕಿಗೆ ಆಹುತಿಯಾಯಿತು. ಅವತ್ತು ರಾತ್ರಿ ಅಲ್ಲಿ ನಡೆದಿದ್ದ ನಾಟಕ ಯಾವುದು ಗೊತ್ತಾ? 'ದಿ ಪ್ಲೌ ಅಂಡ್ ದಿ ಸ್ಟಾರ್ಸ್'. ಯಾವ ನಾಟಕಕ್ಕೆ ಊರು ರೊಚ್ಚಿಗೆದ್ದಿತ್ತೋ, ಅದು ಇಪ್ಪತ್ತೈದು ವರ್ಷದಲ್ಲಿ ಎಲ್ಲರೂ ಮೆಚ್ಚುವ ನಾಟಕವಾಗಿತ್ತು. 'ಪ್ಲೇಬಾಯ್' ಕೂಡ ಇವತ್ತು ಐರ್ಲೆಂಡಿನ ಹೆಮ್ಮೆ. ಕೂಗಿದವರ ಹೆಸರು ಬಹುತೇಕ ಯಾರಿಗೂ ಗೊತ್ತಿಲ್ಲ.

ಸಾರಾಳ ಕಥೆ ನಾನು ಯಾಕೆ ಹೇಳಿದೆ ಅಂತ ಈಗ ನಿಮಗೆ ಗೊತ್ತಾಗಿರಬೇಕು. ಮಗನನ್ನ ಕೇಳೋ ತಾಯಿ ನನ್ನ ಸ್ಟುಡಿಯೋಗೆ ದಿನಾ ಬರ್ತಾಳೆ. ಬಾವುಟದಲ್ಲಿ, ಘೋಷಣೆಯಲ್ಲಿ, ಗ್ರಾಫಿಕ್ಸ್‌ನಲ್ಲಿ. ಅವಳು ಬೇಡ ಅಂತ ನಾನು ಹೇಳ್ತಿಲ್ಲ. ಅವಳಿಲ್ಲದೆ ಯಾವ ದೇಶವೂ ಸ್ವತಂತ್ರ ಆಗಿಲ್ಲ. ಆದರೆ ಇನ್ನೊಬ್ಬ ತಾಯಿ ಇದ್ದಾಳೆ. ಅವಳಿಗೆ ನಾವು ಕೊಡೋದು ಹತ್ತು ಸೆಕೆಂಡು. ಅಳು ಕಾಣಿಸಿದ ಕೂಡಲೇ ಕಟ್. ಸಾರಾ ಆಲ್‌ಗುಡ್ ಅವಳಿಗೆ ಸುಮಾರು ನಲವತ್ತು ವರ್ಷ ಕೊಟ್ಟಳು.

ಈಗ ಅಂಥ ಮನೆಗಳಿಗೆ ನಮ್ಮ ಹುಡುಗರು ವರದಿಗೆ ಹೊರಟಾಗ ನಾನು ಒಂದೇ ಮಾತು ಹೇಳಿ ಕಳಿಸ್ತೀನಿ. ಏನನಿಸ್ತಿದೆ ಅಂತ ಕೇಳಬೇಡಿ. ಆಕೆಯಾಗಿ ಮಾತಾಡಿದರೆ ಕೇಳಿಸಿಕೊಳ್ಳಿ. ಉಂಡೀಯೇನೋ ಅಂತ ಕೇಳಿದರೆ, ಮೈಕ್ ಕೆಳಗಿಟ್ಟು ಉತ್ತರ ಕೊಡಿ. ನಾನು ಅವತ್ತು ಕೊಟ್ಟಿರಲಿಲ್ಲ.